ನಮ್ಮ ತೋಟದ ನುಸಿ ಯಾವ ಊರಿನದು?

ತೊಟ್ಟಿನ ಬುಡದಲ್ಲಿ ಶುರುವಾಗಿ ಕೆಳಕ್ಕಿಳಿಯುವ ಕಂದು ಮಚ್ಚೆ, ಬಿರುಕು ಬಿಟ್ಟ ಸಿಪ್ಪೆ, ಅಂಟು ಸೋರಿ ಒಣಗಿದ ಗುರುತು, ಬಲಿಯುವ ಮೊದಲೇ ಮುದುಡಿದ ಕಾಯಿ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಇದೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನುಸಿ ಅಂದರೆ ಸಾಕು. ಇವತ್ತು ಇಪ್ಪತ್ತೈದರ ಒಳಗಿರುವ ಹುಡುಗರು ನುಸಿ ಇಲ್ಲದ ತೋಟವನ್ನು ಕಂಡೇ ಇಲ್ಲ. ಅವರ ಅಪ್ಪ, ತಾತ ಕಂಡಿದ್ದಾರೆ. ಕಾಯಿ ಅಂದರೆ ಹೇಗಿರುತ್ತಿತ್ತು ಎಂದು ಅವರು ಕೈಯಲ್ಲಿ ಅಳತೆ ಮಾಡಿ ತೋರಿಸುತ್ತಾರೆ.

ಹಾಗಾದರೆ ಈ ನುಸಿ ಎಲ್ಲಿಂದ ಬಂತು? ಊರ ಕಟ್ಟೆಯ ಮೇಲೆ ಈ ಪ್ರಶ್ನೆ ಹಾಕಿದರೆ ಹತ್ತು ಉತ್ತರ ಬರುತ್ತವೆ. ಕಾಲ ಕೆಟ್ಟಿತು ಅನ್ನುವವರಿದ್ದಾರೆ. ಸರ್ಕಾರಿ ಗೊಬ್ಬರದಿಂದ ಬಂತು ಅನ್ನುವವರಿದ್ದಾರೆ. ಕೇರಳದವರು ಕಳಿಸಿದರು ಅನ್ನುವವರೂ ಇದ್ದಾರೆ. ಇದಕ್ಕೆ ನುಸಿಯ ಮೈಯೊಳಗೇ ಒಂದು ಉತ್ತರ ಬರೆದಿದೆ. ಅದನ್ನು ವಿಜ್ಞಾನಿಗಳು 2005ರಲ್ಲಿ ಓದಿ ಹೇಳಿದ್ದಾರೆ. ಆ ಕಥೆ ನಮ್ಮ ತೋಟದಲ್ಲಿ ಮುಗಿಯುತ್ತದೆ. ಶುರುವಾಗುವುದು ಮಾತ್ರ ಏಳು ಸಮುದ್ರದಾಚೆ.

ಮೂರೇ ವರ್ಷದಲ್ಲಿ ಮನೆ ಬಾಗಿಲಿಗೆ

ಮೊದಲು ನಮಗೆ ತಿಳಿದ ಭಾಗದಿಂದ ಹೊರಡೋಣ. 1997ರ ಕೊನೆಯಲ್ಲಿ ಶ್ರೀಲಂಕಾದ ಪಶ್ಚಿಮ ಕರಾವಳಿಯ ಕಲ್ಪಿಟಿಯ ಎಂಬಲ್ಲಿ ತೆಂಗಿನ ಕಾಯಿಗಳ ಮೇಲೆ ಈ ಮಚ್ಚೆ ಕಾಣಿಸಿತು. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿತು. ಭಾರತದಲ್ಲಿ ದಾಖಲಾದ ಮೊದಲ ಸಂಗತಿ ಅದು. ಅಲ್ಲಿಂದಾಚೆಗೆ ಅದು ಓಡಿದ ವೇಗ ನೋಡಿದರೆ ಈಗಲೂ ಗಾಬರಿಯಾಗುತ್ತದೆ. ತಮಿಳುನಾಡು, ಕರ್ನಾಟಕ, ಲಕ್ಷದ್ವೀಪ, ಹೀಗೆ ಒಂದರ ಹಿಂದೆ ಒಂದು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ತುಮಕೂರು, ಹಾಸನ, ಮಂಡ್ಯದ ತೋಟಗಳಲ್ಲಿ ನುಸಿಯದ್ದೇ ಮಾತು.

ನಮ್ಮ ಸೀಮೆಗೆ ಇದರ ಪೆಟ್ಟು ಬಲವಾಗಿಯೇ ಬಿತ್ತು. ಕಾರಣ ನಮ್ಮ ಬೇಸಾಯದ ರೀತಿ. ಕರಾವಳಿಯವರು ಕಾಯಿ ಕಿತ್ತು ಮಾರುತ್ತಾರೆ. ಮಂಡ್ಯ, ಮದ್ದೂರಿನ ಕಡೆಯವರು ಎಳನೀರು ಕೊಡುತ್ತಾರೆ. ನಾವು ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ, ನೀರು ಇಂಗಿ ಒಳಗೆ ಕೊಬ್ಬರಿ ಗಿಟುಕಾಗುವ ತನಕ ತಿಂಗಳುಗಟ್ಟಲೆ ಕಾಯುತ್ತೇವೆ. ಆಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆದು ತಿಪಟೂರಿನ ಮಾರುಕಟ್ಟೆಗೆ ಹೊರುತ್ತೇವೆ. ಉಂಡೆಗೆ ಬೆಲೆ ಬರುವುದು ಗಾತ್ರದಿಂದ, ತೂಕದಿಂದ. ನುಸಿ ಹಿಡಿದ ಕಾಯಿ ಚಿಕ್ಕದು, ಅದರ ಕೊಬ್ಬರಿಯೂ ಚಿಕ್ಕದು. ಮೇಲಿನ ಮಟ್ಟೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಸುಲಿಯುವವರಿಗೆ ಕಷ್ಟ, ಕೂಲಿ ಜಾಸ್ತಿ. ಆ ಮಟ್ಟೆಯಲ್ಲಿ ಉದ್ದನೆಯ ನಾರು ಸಿಗದೆ ನಾರಿನ ಕಾರ್ಖಾನೆಗೂ ಬೇಡ. ಅಂದರೆ ಒಂದು ಕಾಯಲ್ಲಿ ಮೂರು ಕಡೆ ನಷ್ಟ.

ತೋಟ ಅಂದರೆ ಈ ಸೀಮೆಯಲ್ಲಿ ಬರೀ ಬೆಳೆಯಲ್ಲ. ಮಗಳ ಮದುವೆ, ಮಗನ ಓದು, ಬೋರ್‌ವೆಲ್ ಸಾಲ ಎಲ್ಲದಕ್ಕೂ ಅಟ್ಟದ ಕೊಬ್ಬರಿಯೇ ಜಾಮೀನು. ಅದು ಅಲ್ಲಾಡಿದಾಗ ರೈತರು ಬೇರೆ ದಾರಿ ಹುಡುಕಿದರು. ಕಾಯಿ ಕೈಕೊಟ್ಟರೆ ಹೊಂಬಾಳೆಯಿಂದ ನೀರಾ ಇಳಿಸಿ ಮಾರುತ್ತೇವೆ ಎಂದರು. ನೀರಾ ಅಬಕಾರಿ ಕಾನೂನಿನ ಅಡಿಯಲ್ಲಿತ್ತು. ಅನುಮತಿ ಸಿಗಲಿಲ್ಲ. ರೈತ ಸಂಘ ನೀರಾ ಚಳವಳಿ ಹೂಡಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ರೈತರು ಪ್ರಾಣ ಬಿಟ್ಟರು. ಕಣ್ಣಿಗೆ ಕಾಣದ ಒಂದು ಜೀವಿ ರಾಜ್ಯದ ರಾಜಕೀಯವನ್ನೇ ಅಲ್ಲಾಡಿಸಿದ ಕಥೆ ಇದು. ನೀರಾಕ್ಕೆ ಕಾನೂನಿನ ದಾರಿ ತೆರೆದದ್ದು ಅದಾಗಿ ಬಹಳ ವರ್ಷಗಳ ಮೇಲೆ.

ನುಸಿ ಅಂದರೆ ಯಾವ ಜೀವಿ

ರಾಗಿ ಹಿಟ್ಟಿನಲ್ಲಿ ಬೀಳುವುದನ್ನೂ ನಾವು ನುಸಿ ಅನ್ನುತ್ತೇವೆ, ತೆಂಗಿಗೆ ಬಂದದ್ದನ್ನೂ ನುಸಿ ಅನ್ನುತ್ತೇವೆ. ತೆಂಗಿನದು ಹುಳುವಲ್ಲ, ಕೀಟವೂ ಅಲ್ಲ. ದನದ ಮೈಗೆ ಹತ್ತುವ ಉಣ್ಣೆ ಮತ್ತು ಜೇಡದ ದೂರದ ಸಂಬಂಧಿ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು, ಇದಕ್ಕೆ ನಾಲ್ಕೇ. ಉದ್ದ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು. ಬರಿಗಣ್ಣಿಗೆ ಕಾಣುವುದಿಲ್ಲ. ಭೂತಗನ್ನಡಿ ಹಿಡಿದರೆ ಬಿಳಿಚಿಕೊಂಡ ಸಣ್ಣ ದಾರದ ತುಂಡು ತೆವಳಿದಂತೆ ಕಾಣುತ್ತದೆ.

ಹೀಚುಕಾಯಿಯ ತಲೆಯ ಮೇಲೆ ಟೋಪಿಯಂತೆ ಕವುಚಿಕೊಂಡ ಆರು ಎಸಳುಗಳಿವೆಯಲ್ಲ, ಅದರಡಿಯೇ ಇದರ ಮನೆ. ಕಾಯಿ ಬೆಳೆಯುವುದು ಅಲ್ಲಿಂದಲೇ. ಆ ಎಳೆ ಭಾಗದ ರಸವನ್ನು ನುಸಿ ಹೀರುತ್ತದೆ. ಮೊದಲು ಟೋಪಿಯ ಅಂಚಿನಲ್ಲಿ ಬಿಳಿಚಿದ ತ್ರಿಕೋನ ಕಾಣುತ್ತದೆ. ಕಾಯಿ ದೊಡ್ಡದಾದಂತೆ ಆ ಗಾಯ ಕೆಳಗಿಳಿದು ಕಂದಾಗಿ ಬಿರಿಯುತ್ತದೆ. ಮೊಟ್ಟೆಯಿಂದ ದೊಡ್ಡದಾಗಲು ಸುಮಾರು ಹತ್ತು ದಿನ ಸಾಕು. ಒಂದು ಟೋಪಿಯ ಅಡಿಯಲ್ಲಿ ಸಾವಿರಗಟ್ಟಲೆ ಇರಬಲ್ಲವು. ಜಾಗ ಸಾಲದಾದಾಗ ಹೊರಬಂದು ಗಾಳಿಗೆ ಮೈಯೊಡ್ಡುತ್ತವೆ. ಗಾಳಿ ಎತ್ತ ಒಯ್ದರೆ ಅತ್ತ. ಕಿತ್ತ ಕಾಯಿಯ ತೊಟ್ಟಿನಡಿಯಲ್ಲೂ ಕೆಲ ದಿನ ಜೀವ ಹಿಡಿದಿರುತ್ತವೆ. ಹಾಗಾಗಿ ಲಾರಿ, ಹಡಗು ಹತ್ತಿ ಹೋಗುವುದೂ ಇದಕ್ಕೆ ಸಲೀಸು.

ಇನ್ನೊಂದು ಗುಣವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಈ ಜಾತಿಯ ನುಸಿಗಳಲ್ಲಿ ಗಂಡಿನ ಸಂಪರ್ಕವಿಲ್ಲದೆ ಹೆಣ್ಣು ಇಟ್ಟ ಮೊಟ್ಟೆಯೂ ಒಡೆಯುತ್ತದೆ. ಅದರಿಂದ ಗಂಡು ಹುಟ್ಟುತ್ತದೆ. ಗಂಡಿನ ಅಂಶ ಸೇರಿದ ಮೊಟ್ಟೆಯಿಂದ ಹೆಣ್ಣು ಹುಟ್ಟುತ್ತದೆ. ಅಂದರೆ ಹೊಸ ತೋಟಕ್ಕೆ ಒಂದೇ ಒಂದು ಹೆಣ್ಣು ಬಂದು ಬಿದ್ದರೂ ಸಂಸಾರ ಶುರುವಾಗಬಹುದು.

ಮೆಕ್ಸಿಕೋದ ಹೆಸರು

ಈ ನುಸಿಗೆ ವಿಜ್ಞಾನದಲ್ಲಿ ಅಸೇರಿಯ ಗೆರೆರೋನಿಸ್ ಎಂದು ಹೆಸರು. ಎರಡನೇ ಪದ ಒಂದು ಊರಿನ ಗುರುತು. ಮೆಕ್ಸಿಕೋ ದೇಶದ ಪಶ್ಚಿಮ ಕರಾವಳಿಯಲ್ಲಿ ಗೆರೆರೋ ಎಂಬ ರಾಜ್ಯವಿದೆ. ಅಲ್ಲಿಯ ತೆಂಗಿನಕಾಯಿಯಿಂದ ತೆಗೆದ ನುಸಿಯನ್ನು ನೋಡಿ 1965ರಲ್ಲಿ ಅಮೆರಿಕದ ವಿಜ್ಞಾನಿ ಕೈಫರ್ ಇದಕ್ಕೆ ಹೆಸರಿಟ್ಟರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬ್ರೆಜಿಲ್ ದೇಶದಲ್ಲೂ ಇದು ಸಿಕ್ಕಿತು. 1960ರ ದಶಕ ಮುಗಿಯುವುದರೊಳಗೆ ಅಟ್ಲಾಂಟಿಕ್ ಸಾಗರ ದಾಟಿ ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿತು. ಆಮೇಲೆ ಸುಮಾರು ಮೂವತ್ತು ವರ್ಷಕ್ಕೆ ಶ್ರೀಲಂಕಾ, ಅದರ ಬೆನ್ನಿಗೇ ನಾವು.

ದಾಖಲೆಗಳು ಹೇಳುವ ದಾರಿ ಇದು. ಆದರೆ ದಾಖಲೆಯನ್ನಷ್ಟೇ ನಂಬಿದರೆ ಮೋಸ ಹೋಗಬಹುದು. ಮೊದಲು ಕಂಡ ಜಾಗವೇ ಹುಟ್ಟಿದ ಜಾಗವಾಗಬೇಕಿಲ್ಲ. ಅಲ್ಲಿ ನೋಡುವ ಕಣ್ಣಿತ್ತು, ಇಲ್ಲಿ ಇರಲಿಲ್ಲ ಅಂತಲೂ ಇರಬಹುದು. ಜತೆಗೆ ಒಂದು ಒಗಟೂ ಇತ್ತು. ತೆಂಗು ಅಮೆರಿಕದ ಅಟ್ಲಾಂಟಿಕ್ ತೀರದ ಮರವಲ್ಲ. ಅದು ನಮ್ಮ ಕಡೆಯದು, ಹಿಂದೂ ಮಹಾಸಾಗರ ಮತ್ತು ಶಾಂತಸಾಗರದ ದ್ವೀಪಗಳ ಕಡೆಯದು. ತೆಂಗನ್ನೇ ನಂಬಿ ಬದುಕುವ ಜೀವಿ ತೆಂಗು ಹುಟ್ಟಿದ ನಾಡಿನಲ್ಲಿ ಇರಬೇಕಲ್ಲವೇ? ಆದರೆ ಇಂಡೋನೇಷ್ಯಾ, ಫಿಲಿಪೀನ್ಸ್, ಶಾಂತಸಾಗರದ ದ್ವೀಪಗಳಲ್ಲಿ ಎಲ್ಲೂ ನುಸಿಯ ಸುಳಿವಿರಲಿಲ್ಲ. ಮರ ಇಲ್ಲಿಯದು, ರೋಗ ಅಲ್ಲಿಯದು. ಇದು ಹೇಗೆ?

ನಮ್ಮ ಕಾಯಿ ಅಲ್ಲಿಗೆ ಹೋದದ್ದು

ಈ ಒಗಟು ಬಿಡಿಸಲು ಐನೂರು ವರ್ಷ ಹಿಂದಕ್ಕೆ ಹೋಗಬೇಕು. 1498ರಲ್ಲಿ ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಬಂದ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಮೆಣಸಿನ ಕಥೆ. ಹಡಗಿನಲ್ಲಿ ಮೆಣಸಿನ ಜತೆ ತೆಂಗಿನ ಕಾಯಿಯೂ ಹೋಯಿತು. ಕೆಡದ ನೀರು, ಕೆಡದ ಊಟ, ಹುರಿಗೆ ನಾರು, ಹಡಗಿನವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದಿದೆ? ಪೋರ್ಚುಗೀಸರು ಹಿಂದೂ ಮಹಾಸಾಗರದ ತೆಂಗನ್ನು ಆಫ್ರಿಕದ ಪಕ್ಕದ ಕೇಪ್ ವರ್ಡ್ ದ್ವೀಪಗಳಲ್ಲಿ ನೆಟ್ಟರು. ಅಲ್ಲಿಂದ 1550ರ ದಶಕದಲ್ಲಿ ಬ್ರೆಜಿಲ್‌ನ ಬಯೀಯಾ ತೀರಕ್ಕೆ ಒಯ್ದರು. ಇನ್ನೊಂದು ಬದಿಯಲ್ಲಿ ಸ್ಪೇನಿನವರು ಫಿಲಿಪೀನ್ಸ್‌ನಿಂದ ಶಾಂತಸಾಗರ ದಾಟಿಸಿ ಮೆಕ್ಸಿಕೋದ ಪಶ್ಚಿಮ ತೀರಕ್ಕೆ ತೆಂಗು ತಂದರು. ಅವರ ಮನಿಲಾ ಹಡಗುಗಳು ನಿಲ್ಲುತ್ತಿದ್ದ ಅಕಾಪುಲ್ಕೊ ಬಂದರು ಇರುವುದು ಇದೇ ಗೆರೆರೋ ರಾಜ್ಯದಲ್ಲಿ.

ಇದು ಬರೀ ಹಡಗಿನ ಕಾಗದ ಪತ್ರಗಳ ಮಾತಲ್ಲ. ಲೋಕದ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗಿನ ಮರಗಳ ಡಿಎನ್‌ಎ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಲೋಕದ ತೆಂಗೆಲ್ಲ ಮುಖ್ಯವಾಗಿ ಎರಡು ಕುಲ ಎಂದು ಅದು ಹೇಳಿತು. ಒಂದು ಶಾಂತಸಾಗರದ್ದು. ಇನ್ನೊಂದು ಭಾರತದ ದಕ್ಷಿಣದಂಚು, ಶ್ರೀಲಂಕಾ, ಮಾಲ್ಡೀವ್ಸ್, ಲಕ್ಷದ್ವೀಪದ ಸುತ್ತಿನದು. ಅಮೆರಿಕದ ಅಟ್ಲಾಂಟಿಕ್ ತೀರದ ತೆಂಗು ಈ ಎರಡನೇ ಕುಲಕ್ಕೆ ಸೇರಿದ್ದು. ಅಂದರೆ ಬ್ರೆಜಿಲ್ ಕರಾವಳಿಯ ತೆಂಗಿಗೂ ನಮ್ಮ ಸೀಮೆಯ ತೆಂಗಿಗೂ ದಾಯಾದಿ ಸಂಬಂಧ.

ನುಸಿಯ ಬೆಡಗು ಕೇಳಿದವರು

ಮರ ಹೋದ ದಾರಿ ಗೊತ್ತಾಯಿತು. ನುಸಿಯ ದಾರಿ? ಬ್ರೆಜಿಲ್‌ನ ಡೆನಿಸ್ ನಾವಿಯಾ ಮತ್ತು ಅವರ ಸಂಗಡಿಗರು ಇದನ್ನೇ ಹಿಡಿದು ಹೊರಟರು. ಅಮೆರಿಕ ಖಂಡಗಳು, ಆಫ್ರಿಕ, ಹಿಂದೂ ಮಹಾಸಾಗರ ಪ್ರದೇಶ ಸೇರಿ 29 ಕಡೆಯ ನುಸಿಗಳನ್ನು ಕಲೆಹಾಕಿ ಡಿಎನ್‌ಎ ಓದಿದರು.

ಅವರು ಮಾಡಿದ್ದೇನು ಎಂಬುದು ನಮ್ಮ ಹಳ್ಳಿಯವರಿಗೆ ಬಲು ಬೇಗ ಅರ್ಥವಾಗುತ್ತದೆ. ಸಂಬಂಧ ಕುದುರಿಸುವಾಗ ಬೆಡಗು ಕೇಳುತ್ತೇವಲ್ಲ, ಅದೇ ಕೆಲಸ. ಹಳೆಯ ಮೂಲ ಊರೊಂದನ್ನು ನೆನೆಯಿರಿ. ಅಲ್ಲಿ ಏಳೆಂಟು ಬೆಡಗಿನ ಮನೆಗಳಿರುತ್ತವೆ. ತಲೆತಲಾಂತರದಿಂದ ಅಲ್ಲೇ ಇದ್ದು ಕವಲೊಡೆದವರು. ಅದೇ ಊರಿನಿಂದ ಒಂದು ಕುಟುಂಬ ಎದ್ದು ಹೋಗಿ ದೂರದಲ್ಲೊಂದು ಪಾಳ್ಯ ಕಟ್ಟಿತು ಅನ್ನಿ. ಇನ್ನೂರು ಮನೆಯಾಗಿ ಬೆಳೆದರೂ ಆ ಪಾಳ್ಯದಲ್ಲಿ ಎಲ್ಲರದೂ ಒಂದೇ ಬೆಡಗು. ಯಾರೂ ಹೇಳದಿದ್ದರೂ ಬೆಡಗಿನ ಲೆಕ್ಕ ನೋಡಿದರೇ ಸಾಕು, ಯಾವುದು ಮೂಲ, ಯಾವುದು ವಲಸೆ ಎಂದು ಗೊತ್ತಾಗುತ್ತದೆ.

ಡಿಎನ್‌ಎಯಲ್ಲೂ ಹಾಗೆಯೇ. ಜೀವಕೋಶದೊಳಗೆ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಒಂದು ಭಾಗವಿದೆ. ಅದಕ್ಕೆ ಮೈಟೋಕಾಂಡ್ರಿಯದ ಡಿಎನ್‌ಎ ಎನ್ನುತ್ತಾರೆ. ತಾಯಿ ಕಡೆಯ ಬೆಡಗು ಎಂದುಕೊಳ್ಳಿ. ಕಾಲ ಕಳೆದಂತೆ ಅದರಲ್ಲಿ ಸಣ್ಣ ಸಣ್ಣ ಬದಲಾವಣೆ ಸೇರುತ್ತಾ ಹೋಗುತ್ತವೆ. ಒಂದು ಜಾಗದಲ್ಲಿ ಬಹುಕಾಲದಿಂದ ಇರುವ ಜೀವಿಯಲ್ಲಿ ಬೆಡಗು ಹೆಚ್ಚು, ಹೊಸದಾಗಿ ಬಂದದ್ದರಲ್ಲಿ ಕಡಿಮೆ.

ನಾವಿಯಾ ತಂಡದವರು ನೋಡಿದ ಒಂದು ತಾಯಿ ಅಂಶದಲ್ಲಿ ಒಟ್ಟು 7 ಬೆಡಗು ಸಿಕ್ಕವು. ಅವುಗಳಲ್ಲಿ 6 ಬ್ರೆಜಿಲ್ ಒಂದರಲ್ಲೇ ಇದ್ದವು. ಅಮೆರಿಕದ ಹೊರಗೆ, ಆಫ್ರಿಕದಿಂದ ಹಿಡಿದು ನಮ್ಮ ಸಾಗರದ ನಾಡುಗಳವರೆಗೆ, ಸಿಕ್ಕಿದ್ದು ಒಂದೇ ಒಂದು. ತಂದೆ ತಾಯಿ ಇಬ್ಬರಿಂದಲೂ ಬರುವ ಇನ್ನೊಂದು ಭಾಗವನ್ನು ನೋಡಿದಾಗಲೂ ಚಿತ್ರ ಅದೇ. ಬ್ರೆಜಿಲ್‌ನಲ್ಲಿ ವೈವಿಧ್ಯ ಹೆಚ್ಚು, ಇತ್ತ ಕಡೆಯವೆಲ್ಲ ಒಂದೇ ಅಥವಾ ತೀರಾ ಹತ್ತಿರ.

ಇದರಿಂದ ಅವರು ಮೂರು ಮಾತು ಹೇಳಿದರು. ಒಂದು, ನುಸಿಯ ಮೂಲ ಅಮೆರಿಕ ಖಂಡ. ಎರಡು, ಆಫ್ರಿಕ ಮತ್ತು ನಮ್ಮ ಕಡೆಗೆ ಅದು ಬಂದದ್ದು ಇತ್ತೀಚೆಗೆ, ಒಂದೇ ಮೂಲದಿಂದ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ನುಸಿಯ ಮೂಲ ಮನೆ ತೆಂಗಲ್ಲ. ತೆಂಗು ಹೋಗುವ ಮೊದಲೇ ಅಲ್ಲಿದ್ದ, ತೆಂಗಿನ ಜಾತಿಗೆ ಸೇರಿದ ಬೇರಾವುದೋ ಮರ. ಈ ನುಸಿ ಬ್ರೆಜಿಲ್‌ನ ಕಾಡು ಜಾತಿಯ ಸಣ್ಣ ತಾಳೆಯೊಂದರ ಮೇಲೆ, ಅಮೆರಿಕದಲ್ಲಿ ಅಂದಕ್ಕೆ ಬೆಳೆಸುವ ಇನ್ನೊಂದು ಮರದ ಮೇಲೆ, ನಮ್ಮ ದೇಶದಲ್ಲಿ ತಾಟಿನುಂಗಿನ ತಾಳೆಯ ಮೇಲೂ ಸಿಕ್ಕಿದ್ದುಂಟು.

ಈಗ ಎರಡೂ ಕಥೆ ಜೋಡಿಸಿ ನೋಡಿ. ನಮ್ಮ ಸಾಗರದ ಕಾಯಿ ಹಡಗು ಹತ್ತಿ ಬ್ರೆಜಿಲ್‌ಗೆ ಹೋಯಿತು. ಅಲ್ಲಿಯ ಕಾಡುಮರದ ಮೇಲಿದ್ದ ನುಸಿ ಯಾವಾಗಲೋ ಈ ಹೊಸ ಮರಕ್ಕೆ ದಾಟಿತು. ಆ ಮರದ ಕಾಯಿಗೆ ಇದರ ಪರಿಚಯವೇ ಇರಲಿಲ್ಲ. ರುಚಿ ಹತ್ತಿತು. ಅಲ್ಲಿಂದ ಮನುಷ್ಯರ ಸಾಗಾಟದ ಜತೆ ಹೊರಟು, ನಾಲ್ಕೈದು ನೂರು ವರ್ಷದ ಮೇಲೆ ತೆಂಗಿನ ತವರಿಗೇ ಬಂದು ಕೂತಿತು.

ಫ್ರಾನ್ಸ್ ದೇಶದ ಕಡಜ

ಒಂದೇ ಬೆಡಗಿನ ಪುಟ್ಟ ಗುಂಪು ಇಷ್ಟು ದೊಡ್ಡ ನಾಡನ್ನು ಹಿಡಿಯಲು ಸಾಧ್ಯವೇ ಎಂದು ಅನುಮಾನ ಬರಬಹುದು. ಇದಕ್ಕೆ ಯುರೋಪಿನಲ್ಲಿ ಒಂದು ಸಾಕ್ಷಿ ಇದೆ.

ಸೂರಿನಡಿ ಕಾಗದದಂಥ ಗೂಡು ಕಟ್ಟುವ ಕಡಜ ನಮಗೆ ಗೊತ್ತು. ಅದರ ದೊಡ್ಡ ಜಾತಿಯ ಬಂಧು ಹಳದಿ ಕಾಲಿನ ಕಡಜ. ಈಶಾನ್ಯ ಭಾರತದಿಂದ ಚೀನಾದವರೆಗೆ ಅದರ ತವರು. ಜೇನುಹುಳುಗಳನ್ನು ಹಿಡಿದು ತಿನ್ನುತ್ತದೆ. 2004ರಲ್ಲಿ ಇದು ಫ್ರಾನ್ಸಿನ ನೈರುತ್ಯ ಭಾಗದಲ್ಲಿ ಕಾಣಿಸಿತು. ಚೀನಾದಿಂದ ತರಿಸಿದ ಮಡಕೆಗಳ ಸಂದಿಯಲ್ಲಿ ಚಳಿಗಾಲದ ನಿದ್ದೆಯಲ್ಲಿದ್ದ ರಾಣಿ ಬಂದಿರಬೇಕು ಎಂಬುದು ಊಹೆ. ಫ್ರಾನ್ಸಿನ ಕಡಜಗಳ ಡಿಎನ್‌ಎಯನ್ನು ಏಷ್ಯಾದವುಗಳ ಜತೆ ಇಟ್ಟು ನೋಡಿದ ವಿಜ್ಞಾನಿಗಳು 2015ರಲ್ಲಿ ಹೇಳಿದ್ದು ಇದು: ಬಂದದ್ದು ಪೂರ್ವ ಚೀನಾದಿಂದ, ಬಂದವರು ಕೆಲವೇ ರಾಣಿಯರು, ಬಹುಶಃ ಒಬ್ಬಳೇ. ಆದರೆ ಆ ರಾಣಿ ಹೊರಡುವ ಮೊದಲೇ ಹಲವು ಗಂಡುಗಳನ್ನು ಕೂಡಿದ್ದಳು. ಆ ಬೀಜವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಮುದ್ರ ದಾಟಿದಳು. ಅವಳ ಸಂತತಿ ಸ್ಪೇನ್, ಪೋರ್ಚುಗಲ್, ಇಟಲಿ, ಬೆಲ್ಜಿಯಂ, ಜರ್ಮನಿ ತನಕ ಹರಡಿತು.

ಕಡಜದಲ್ಲೂ ನುಸಿಯಂತೆಯೇ, ಗಂಡಿನ ಅಂಶವಿಲ್ಲದ ಮೊಟ್ಟೆ ಗಂಡಾಗುತ್ತದೆ. ಸಂಸಾರ ಕಟ್ಟಲು ಒಬ್ಬ ತಾಯಿ ಸಾಕು. ಇನ್ನೂ ಒಂದು ಹೋಲಿಕೆ ಇದೆ. ನಮ್ಮ ತುಡುವೆ ಜೇನು ಏಷ್ಯಾದಲ್ಲಿ ಕಡಜದ ಜತೆಗೇ ಬೆಳೆದು ಬಂದದ್ದು. ಗೂಡಿಗೆ ಕಡಜ ಬಂದರೆ ನೂರಾರು ಜೇನುಹುಳುಗಳು ಅದನ್ನು ಮುತ್ತಿ, ಮೈ ಅದುರಿಸಿ, ಆ ಕಾವಿಗೇ ಕೊಂದುಹಾಕುತ್ತವೆ. ಯುರೋಪಿನ ಜೇನಿಗೆ ಆ ವಿದ್ಯೆ ಚೆನ್ನಾಗಿ ಒಗ್ಗಿಲ್ಲ. ಅದು ಈ ಕಡಜವನ್ನು ಹಿಂದೆಂದೂ ಕಂಡಿರಲಿಲ್ಲ. ನುಸಿಯ ಮುಂದೆ ನಮ್ಮ ತೆಂಗಿನ ಪಾಡೂ ಅದೇ ಆಯಿತು.

ಗೊತ್ತಾಗಿ ಏನಾಯಿತು?

ಬಂದದ್ದು ಬಂತು, ಊರು ಗೊತ್ತಾದರೆ ಕಾಯಿ ದಪ್ಪಗಾಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಚರಿತ್ರೆಯಿಂದ ನಮಗೆ ಮೂರು ಉಪಯೋಗ ಇವೆ ಎಂದು ನಾವು ತಿಳಿಯುತ್ತೇವೆ.

ಮೊದಲನೆಯದು, ದೂರು ಯಾರ ಮೇಲೆ ಎಂಬುದು. ಕೇರಳದವರ ಮೇಲಾಗಲಿ ಶ್ರೀಲಂಕಾದವರ ಮೇಲಾಗಲಿ ಹೊರಿಸಲು ಈ ಡಿಎನ್‌ಎ ಆಧಾರ ಕೊಡುವುದಿಲ್ಲ. ಅವರೂ ನಮ್ಮಂತೆಯೇ ಪೆಟ್ಟು ತಿಂದವರು. ನೆರೆಯವನ ತೋಟದಿಂದ ಗಾಳಿಯಲ್ಲಿ ಬಂದದ್ದನ್ನು ಬೇಲಿ ತಡೆಯುವುದಿಲ್ಲ. ತಡೆಯಬೇಕಾದದ್ದು ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ. ಹೊರದೇಶದ ಗಿಡ, ಬೀಜ, ಕಾಯಿಗಳ ತಪಾಸಣೆ ಕಟ್ಟುನಿಟ್ಟಾಗಬೇಕು ಎಂದು ಕೇಳುವುದು ತೆಂಗು ಬೆಳೆಗಾರರ ಹಕ್ಕು. ಬೆಂಬಲ ಬೆಲೆ ಕೇಳುವಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು. ಒಂದು ತಾಯಿ ನುಸುಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಅಟ್ಟಗಳೇ ಸಾಕ್ಷಿ.

ಎರಡನೆಯದು, ನುಸಿಯ ಶತ್ರುಗಳ ಹುಡುಕಾಟ. ನಮ್ಮ ಸೀಮೆಯ ಹಳೆಯ ಪೀಡೆ ಕಪ್ಪುತಲೆ ಹುಳು. ಅದು ಈ ನೆಲದ್ದೇ. ಹಾಗಾಗಿ ಅದನ್ನು ತಿನ್ನುವ ಗೋನಿಯೋಜಸ್ ಎಂಬ ಪುಟ್ಟ ಕಣಜವೂ ಈ ನೆಲದಲ್ಲೇ ಇದೆ. ಅದನ್ನು ಸಾಕಿ ತೋಟಕ್ಕೆ ಬಿಡುವುದನ್ನು ನಮ್ಮ ರೈತರು ಬಲ್ಲರು. ನುಸಿ ಬಂದಾಗ ತನ್ನ ಶತ್ರುಗಳನ್ನು ಅಲ್ಲೇ ಬಿಟ್ಟು ಬಂತು. ಅದಕ್ಕೇ ಆ ಪರಿ ಉಕ್ಕಿತು. ಮೂಲ ಗೊತ್ತಾದ ಮೇಲೆ ಬ್ರೆಜಿಲ್‌ನಲ್ಲಿ ನುಸಿಯನ್ನು ತಿನ್ನುವ ಬೇರೆ ನುಸಿಗಳನ್ನು ವಿಜ್ಞಾನಿಗಳು ಹುಡುಕಿದರು. ಇತ್ತ ನಮ್ಮಲ್ಲೂ ತೊಟ್ಟಿನ ಟೋಪಿಯೊಳಗೆ ನುಗ್ಗಿ ಅದನ್ನು ತಿನ್ನುವ ಪರಭಕ್ಷಕ ನುಸಿಗಳಿವೆ. ಹಿರ್ಸುಟೆಲ್ಲ ಎಂಬ ಬೂಷ್ಟು ಅದಕ್ಕೆ ರೋಗ ತರುತ್ತದೆ. ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆ ಅದರಿಂದ ಪುಡಿಯನ್ನೂ ತಯಾರಿಸಿತು. ಆರಂಭದ ವರ್ಷಗಳಲ್ಲಿ ಗಾಬರಿಯಿಂದ ಬೇರಿಗೆ ವಿಷದ ಪಾಕೀಟು ಕಟ್ಟಿದ್ದೂ, ಘಾಟು ಔಷಧ ಹೊಡೆದದ್ದೂ ಎಲ್ಲರಿಗೂ ನೆನಪಿದೆ. ಟೋಪಿಯ ಅಡಿಗೆ ಸಿಂಪಡಣೆ ಸರಿಯಾಗಿ ಇಳಿಯುವುದಿಲ್ಲ. ಹೊರಗೆ ಓಡಾಡುವ ಉಪಕಾರಿ ಜೀವಿಗಳು ಮಾತ್ರ ಸಾಯುತ್ತವೆ. ಬೇವಿನೆಣ್ಣೆ, ಬೆಳ್ಳುಳ್ಳಿ ಕಷಾಯ ಮತ್ತು ಮರಕ್ಕೆ ಸರಿಯಾದ ಗೊಬ್ಬರ, ನೀರು ಕೊಡುವ ಸಲಹೆ ಆಮೇಲೆ ಗಟ್ಟಿಯಾದದ್ದು ಇದೇ ಅನುಭವದಿಂದ.

ಮೂರನೆಯದು ನಮ್ಮ ಕೈಯಲ್ಲೇ ಇರುವ ಮಾತು. ನುಸಿಯದು ಒಂದೇ ಬೆಡಗು. ನಮ್ಮ ತೆಂಗಿನದು ಹಾಗಲ್ಲ. ತಿಪಟೂರು ಟಾಲ್ ಎಂದು ಹೆಸರಾದ ನಮ್ಮ ಎತ್ತರದ ಮರದಲ್ಲಿ ಒಂದು ಹೊಂಬಾಳೆಯ ಗಂಡು ಹೂ ಮುಗಿದ ಮೇಲೆ ಹೆಣ್ಣು ಹೂ ಅರಳುತ್ತದೆ. ಹಾಗಾಗಿ ಪರಾಗ ಬರುವುದು ಹೆಚ್ಚಾಗಿ ಬೇರೆ ಮರದಿಂದ. ಒಂದೇ ಗೊನೆಯ ಎರಡು ಕಾಯಿಗೂ ತಂದೆ ಬೇರೆ ಇರಬಹುದು. ಅದಕ್ಕೇ ನಿಮ್ಮ ತೋಟದಲ್ಲಿ ಒಂದು ಮರದ ಕಾಯಿ ದುಂಡಗೆ, ಪಕ್ಕದ್ದು ಉದ್ದಕ್ಕೆ, ಮತ್ತೊಂದು ಕೆಂಪು ಛಾಯೆ. ಗಿಡ್ಡ ತಳಿಗಳಲ್ಲಿ ತನ್ನ ಪರಾಗವೇ ತನಗೆ ಸೇರುವುದು ಹೆಚ್ಚು. ಅಲ್ಲಿ ಇಷ್ಟು ಭೇದ ಇರುವುದಿಲ್ಲ.

ಈ ಭೇದವೇ ನಮ್ಮ ಬಲ. ನುಸಿ ಎಲ್ಲ ಮರಕ್ಕೂ ಒಂದೇ ಸಮ ಹತ್ತುವುದಿಲ್ಲ. ಟೋಪಿ ಬಿಗಿಯಾಗಿ ಕೂತ ಕಾಯಿಯೊಳಗೆ ಅದಕ್ಕೆ ನುಗ್ಗುವುದು ಕಷ್ಟ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಕಲ್ಪಹರಿತ ಎಂಬ ತಳಿಯನ್ನು ಬಿಡುಗಡೆ ಮಾಡಿದ್ದು ಇದೇ ದಾರಿಯಲ್ಲಿ. ತಮಿಳುನಾಡಿನ ಕುಲಶೇಖರಂ ಕಡೆಯ ಹಸಿರು ಕಾಯಿಯ ಎತ್ತರದ ಮರಗಳಲ್ಲಿ ನುಸಿ ಕಡಿಮೆ ಹತ್ತುವುದನ್ನು ಗಮನಿಸಿ ಆರಿಸಿ ಬೆಳೆಸಿದ ತಳಿ ಅದು. ಅಲ್ಲಿ ಆದದ್ದು ನಮ್ಮ ತೋಟಗಳಲ್ಲೂ ಆಗಬಹುದು. ಇಪ್ಪತ್ತೈದು ವರ್ಷ ನುಸಿಯ ನಡುವೆ ನಿಂತೂ ಚೊಕ್ಕ ಕಾಯಿ ಕೊಡುತ್ತಿರುವ ಮರ ನಿಮ್ಮಲ್ಲಿ ಇದ್ದರೆ ಅದು ಬರೀ ಒಳ್ಳೆಯ ಮರವಲ್ಲ. ಅದು ತಾಯಿ ಮರ. ನುಸಿ ಬಂದ ಹೊಸತರಲ್ಲಿ ಬೇಸತ್ತು ತೋಟಕ್ಕೆ ತೋಟವೇ ಕಡಿಸಬೇಕು ಅನ್ನಿಸಿದವರಿದ್ದರು. ಹಾಗೆ ಕಡಿದಿದ್ದರೆ ಇಂಥ ಮರಗಳೂ ಹೋಗುತ್ತಿದ್ದವು.

ಈಗ ಅಪಾಯ ಬೇರೆ ಬಗೆಯದು. ನರ್ಸರಿಯ ಲಾರಿಯಲ್ಲಿ ಬಂದ, ಯಾವ ಮರದ್ದು ಎಂದು ಗೊತ್ತಿಲ್ಲದ ಸಸಿಗಳನ್ನು ಸಾಲುಸಾಲಾಗಿ ನೆಡುತ್ತಿದ್ದೇವೆ. ಬೇಗ ಫಲ ಬರುತ್ತದೆ ಎಂದು ಒಂದೇ ಬಗೆಯ ಗಿಡ್ಡ ತಳಿಯಿಂದ ಎಕರೆಗಟ್ಟಲೆ ತುಂಬುತ್ತಿದ್ದೇವೆ. ನಾವೂ ಒಂದೇ ಬೆಡಗಿನ ಪಾಳ್ಯವಾದರೆ, ಮುಂದಿನ ಸಲ ಬರುವ ಅತಿಥಿಗೆ ಎಲ್ಲ ಬಾಗಿಲೂ ಒಂದೇ ಕೀಲಿಯಲ್ಲಿ ತೆರೆಯುತ್ತವೆ.

ಮುಂದಿನ ಸಲ ಆಗಲೇ ಬಂದಾಗಿದೆ

ಮುಂದಿನ ಸಲ ಎನ್ನುವುದು ಹೆದರಿಸುವ ಮಾತಲ್ಲ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನ ಗರಿಗಳ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆ ಇಡುವ ಬಿಳಿನೊಣ ಕಾಣಿಸಿತು. ಅದರ ಅಂಟು ಬಿದ್ದು ಕೆಳಗಿನ ಗರಿಗಳು ಕಪ್ಪು ಹಿಡಿದವು. ಅದೂ ನುಸಿಯ ಸೀಮೆಯದೇ: ಮಧ್ಯ ಅಮೆರಿಕದ ಬೆಲೀಜ್ ದೇಶದ ಮಾದರಿ ನೋಡಿ 2004ರಲ್ಲಿ ಹೆಸರಿಟ್ಟ ಜೀವಿ. ಕೆಲವೇ ಕಾಲದಲ್ಲಿ ಕರ್ನಾಟಕಕ್ಕೂ ಬಂತು. ಈ ಸಲ ಒಂದು ಅದೃಷ್ಟವಿತ್ತು. ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಎನ್‌ಕಾರ್ಸಿಯ ಎಂಬ ಅತಿ ಸಣ್ಣ ಕಣಜವೂ ನಮ್ಮ ತೋಟಗಳಲ್ಲಿ ಸಿಕ್ಕಿತು. ಸಿಂಪಡಣೆ ಮಾಡದೆ ಆ ಕಣಜವನ್ನು ಉಳಿಸಿಕೊಳ್ಳಿ ಎಂದು ವಿಜ್ಞಾನಿಗಳು ಹೇಳಿದ್ದು ಅದಕ್ಕೇ.

ಹುಳಿಯಾರು, ಕಂದಿಕೆರೆ, ಹಂದನಕೆರೆ, ಶೆಟ್ಟಿಕೆರೆ, ಎಲ್ಲೇ ಇರಲಿ, ನಿಮ್ಮ ತೋಟದಲ್ಲಿ ಎರಡು ಕೆಲಸ ಮಾಡಬಹುದು. ಕಾಯಿ ಕೆಡವುವ ದಿನ, ನುಸಿ ಮಚ್ಚೆ ಇಲ್ಲದ ಗೊನೆ ಯಾವ ಮರದಿಂದ ಬಿತ್ತು ಎಂದ�� ನೋಡಿ ಆ ಮರಕ್ಕೆ ಸುಣ್ಣದ ಪಟ್ಟಿ ಬಳಿಯಿರಿ. ಮೂರು ನಾಲ್ಕು ಕೊಯ್ಲಿನಲ್ಲೂ ಅದೇ ಮರ ಚೊಕ್ಕ ಕಾಯಿ ಕೊಟ್ಟರೆ ಮುಂದಿನ ಸಸಿಗೆ ಕಾಯಿ ಅದರಿಂದಲೇ ಎತ್ತಿಡಿ. ಮತ್ತೆ, ಗರಿಯಲ್ಲೋ ಕಾಯಲ್ಲೋ ಹಿಂದೆ ಕಾಣದ ಗುರುತು ಕಂಡರೆ ಅಂಗಡಿಗೆ ಓಡಿ ಔಷಧ ತರುವ ಮುನ್ನ ಅದರ ಫೋಟೋ ತೆಗೆದು, ಒಂದು ತುಂಡು ಕವರಿನಲ್ಲಿ ಕಟ್ಟಿಕೊಂಡು ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಅರಸೀಕೆರೆಯ ಸಂಶೋಧನಾ ಕೇಂದ್ರಕ್ಕೋ ತೋರಿಸಿ. 1998ರಲ್ಲಿ ನುಸಿ ಕೇರಳದಲ್ಲಿದ್ದಾಗ ನಮ್ಮ ಕೈಯಲ್ಲಿ ಫೋನ್ ಇರಲಿಲ್ಲ. ಈಗ ಇದೆ.